ಕೋವಾಡದಿಂದ ದಿವಾಡಿಗೆ: ಬಾಡಿಗೆ ಸ್ಕೂಟರಿನ ಎರಡು ದಿನ

ತಾಮ್ರಪರ್ಣಿ ನದಿಯ ದಂಡೆಯ ಕೋವಾಡವು ಕಾದಂಬರಿಕಾರ ರಣಜಿತ ದೇಸಾಯಿಯವರ ಊರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಊರನ್ನೊಳಗೊಂಡ ಚಂದಗಡ ತಾಲೂಕು ಬೆಳಗಾವಿ ಜಿಲ್ಲೆಗೇ ಸೇರಿತ್ತು. ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಹೋದಾಗ ಚಂದಗಡ ಮಾತ್ರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಗೆರೆ ಬದಲಾದರೂ ದಾರಿ ಬದಲಾಗಲಿಲ್ಲ. ದವಾಖಾನೆಗೂ ಮದುವೆಯ ಜವಳಿಗೂ ಇಲ್ಲಿಯ ಜನ ಇಂದಿಗೂ ಬೆಳಗಾವಿಯ ಕಡೆಗೇ ಹೊರಡುತ್ತಾರೆ. ಕಳೆದ ಬೇಸಿಗೆಯ ರಜೆಯಲ್ಲಿ ಇಲ್ಲಿಯ ಒಂದು ಕನ್ನಡ ಕುಟುಂಬ ಬೆಳಗಾವಿಗೆ ಹೋಗಿ, ಅಲ್ಲಿಂದ ಚೋರ್ಲಾ ಘಾಟ ಇಳಿಯುವ ಬಸ್ಸು ಹಿಡಿದು ಪಣಜಿಗೆ ಹೊರಟಿತು. ತಂದೆ, ತಾಯಿ, ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿಸಿದ ಮಗ, ಹನ್ನೊಂದು ವರ್ಷದ ಮಗಳು.

ಸಮುದ್ರ ನೋಡಬೇಕೆಂಬುದು ಮಕ್ಕಳ ಆಸೆ. ತಂದೆಯ ಮನಸ್ಸಿನಲ್ಲಿದ್ದದ್ದು ದಿವಾಡಿ. ಮಾಂಡವಿ ನದಿಯ ನಡುವಿನ ಈ ದ್ವೀಪವನ್ನು ನಕಾಶೆಗಳು ದಿವಾರ್ ಎನ್ನುತ್ತವೆ. ಗೋವೆಯ ಕದಂಬರ ಕುಲದೈವ ಸಪ್ತಕೋಟೇಶ್ವರನ ಮೂಲಸ್ಥಾನ ಅದು. ಖಾನಾಪುರ ತಾಲೂಕಿನ ಹಲಸಿಯಿಂದಲೂ ಆಳಿದ ಈ ಅರಸರು ತಮ್ಮ ಚಿನ್ನದ ನಾಣ್ಯಗಳ ಮೇಲೆ ಆ ದೇವರ ವರಪ್ರಸಾದ ಪಡೆದವರೆಂದು ಬರೆಯಿಸಿಕೊಂಡರು. ಗೋವೆಯ ಸರಕಾರಿ ಬಸ್ಸುಗಳು ಇಂದಿಗೂ ಕದಂಬ ಎಂಬ ಹೆಸರು ಹೊತ್ತೇ ಓಡುತ್ತವೆ. ನಿಲ್ದಾಣದಲ್ಲಿ ಅದನ್ನು ಮೊದಲು ಓದಿ ಕೂಗಿದವಳು ಮಗಳು.

ದ್ವೀಪ ಸುತ್ತಲು ಸ್ವಂತ ವಾಹನವಿದ್ದರೆ ಅನುಕೂಲ. ಪಣಜಿಯಲ್ಲಿ ಬಾಡಿಗೆ ಸ್ಕೂಟರುಗಳಿಗೆ ಬರವಿಲ್ಲ. ಮೊದಲು ಸಿಕ್ಕವನು ತೋರಿಸಿದ ಎರಡು ಸ್ಕೂಟರುಗಳಿಗೆ ಬಿಳಿ ಫಲಕವಿತ್ತು, ಬಾಡಿಗೆಯೂ ಕಡಿಮೆ. ತಂದೆ ಹಣ ಎಣಿಸತೊಡಗಿದಾಗ ತಾಯಿ ತಡೆದಳು. ರಸ್ತೆಯಲ್ಲಿ ಪ್ರವಾಸಿಗರು ಓಡಿಸುತ್ತಿದ್ದ ಹೆಚ್ಚಿನ ವಾಹನಗಳ ಫಲಕ ಕಪ್ಪು, ಅಕ್ಷರ ಹಳದಿ ಇದ್ದುದನ್ನು ಅವಳು ಗಮನಿಸಿದ್ದಳು.

ಆ ಬಣ್ಣದಲ್ಲಿಯೇ ಕಾಯಿದೆ ಅಡಗಿದೆ. 1988ರ ಮೋಟಾರು ವಾಹನ ಕಾಯಿದೆಯ 75ನೆಯ ಕಲಮು ಬಾಡಿಗೆ ವಾಹನಗಳ ಯೋಜನೆಗೆ ಅವಕಾಶ ಕೊಡುತ್ತದೆ. ಅದರಂತೆ ಕಾರುಗಳಿಗೆ 1989ರಲ್ಲಿ, ಮೋಟಾರು ಸೈಕಲ್ಲುಗಳಿಗೆ 1997ರಲ್ಲಿ ಯೋಜನೆಗಳು ಬಂದವು. ಪರವಾನಗಿ ಪಡೆದವನೇ ಬಾಡಿಗೆಗೆ ಕೊಡತಕ್ಕದ್ದು. ಬಿಳಿ ಫಲಕದ್ದು ಮಾಲೀಕನ ಸ್ವಂತ ಬಳಕೆಯ ವಾಹನ. ಅದರ ವಿಮಾ ಪತ್ರ ಬಾಡಿಗೆಯ ಬಳಕೆಯನ್ನು ಹೊರಗಿಡುತ್ತದೆ. ಅಪಘಾತವಾದರೆ ಇದೇ ಕಾರಣ ಮುಂದಿಟ್ಟು ವಿಮಾ ಕಂಪನಿ ಹೊಣೆಯಿಂದ ನುಣುಚಿಕೊಳ್ಳಲು ಯತ್ನಿಸುತ್ತದೆ. ವಿಮಾ ಷರತ್ತು ಮುರಿದ ಪ್ರಕರಣಗಳಲ್ಲಿ ಗಾಯಗೊಂಡ ಪಾದಚಾರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ನ್ಯಾಯಾಲಯಗಳು ಎಷ್ಟೋ ಬಾರಿ ಆದೇಶಿಸಿವೆ, ನಿಜ. ಆದರೆ ಸ್ಕೂಟರು ಓಡಿಸುತ್ತಿದ್ದವನೇ ಕಾಲು ಮುರಿದುಕೊಂಡರೆ ಆ ಆದೇಶ ಅವನ ಆಸ್ಪತ್ರೆಯ ಖರ್ಚಿಗೆ ಒದಗುವುದಿಲ್ಲ. ದಿನಕ್ಕೆ ನೂರು ರೂಪಾಯಿ ಉಳಿಸಹೋದವರು ಈ ಲೆಕ್ಕ ಹಾಕಿರುವುದಿಲ್ಲ.

ಕಪ್ಪು ಫಲಕದ ಅಂಗಡಿ ಎರಡು ಓಣಿ ಆಚೆ ಸಿಕ್ಕಿತು. ಅಲ್ಲಿ ನಿಜವಾದ ಪ್ರಶ್ನೆ ಎದ್ದಿತು. ಸ್ಕೂಟರಿನ ಹಿಂದೆ ಕೂರಬಹುದಾದವರು ಒಬ್ಬರೇ. ನಾಲ್ವರಿಗೆ ಎರಡು ಸ್ಕೂಟರು, ಇಬ್ಬರು ಚಾಲಕರು. ತಾಯಿಯ ಬಳಿ ಲೈಸನ್ಸು ಇತ್ತು, ಆದರೆ ಆರು ವರ್ಷಗಳಿಂದ ಅವಳು ಗಾಡಿ ಮುಟ್ಟಿರಲಿಲ್ಲ. ಮಗ ಊರಿನಲ್ಲಿ ಗದ್ದೆಯ ದಾರಿಯಲ್ಲಿ ದಿನಾ ಓಡಿಸುವವನು.

“ಅಪ್ಪಾ, ನಾ ಹೊಡೀತೀನಿ. ಅವ್ವಗ ರೂಢಿ ಇಲ್ಲ,” ಎಂದ.

ತಂದೆ ಕೂಡಲೇ ಬೇಡವೆನ್ನಲಿಲ್ಲ. ಅನೇಕ ಮನೆಗಳಲ್ಲಿ ಹಾಗೆಯೇ ನಡೆದುಹೋಗುತ್ತದೆ. ಹದಿನಾರು ತುಂಬಿದವರು 50 ಸಿಸಿ ಮೀರದ ಎಂಜಿನ್ನಿನ ಗಾಡಿಯನ್ನು ಲೈಸನ್ಸು ಪಡೆದು ಓಡಿಸಬಹುದು. ಇಂದಿನ ಸಾಧಾರಣ ಸ್ಕೂಟರುಗಳೆಲ್ಲ ಅದರ ದುಪ್ಪಟ್ಟು ಶಕ್ತಿಯವು, ಅವಕ್ಕೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮು ಇನ್ನೂ ಕಠಿಣ. ಅಪ್ರಾಪ್ತ ವಯಸ್ಕ ಅಪರಾಧವೆಸಗಿದರೆ ಪಾಲಕನಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸನ್ಸಿಲ್ಲ. ಅಂಗಡಿಯಾತ ಇದಾವುದನ್ನೂ ಹೇಳಲಿಲ್ಲ. ಹುಡುಗನ ಮುಖ ನೋಡಿ “ಲೈಸನ್ಸು ತೋರಿಸು” ಎಂದನಷ್ಟೆ. ತಾಯಿ ತನ್ನದನ್ನು ಮೇಜಿನ ಮೇಲಿಟ್ಟಳು.

ಹೊರಡುವ ಮೊದಲು ಮಗನಿಗೊಂದು ಕೆಲಸ ಸಿಕ್ಕಿತು. ಎರಡೂ ಸ್ಕೂಟರುಗಳ ಹಳೆಯ ಗೀರುಗಳ, ಪೆಟ್ರೋಲ್ ಮುಳ್ಳಿನ ಫೋಟೊಗಳನ್ನು ಅಂಗಡಿಯಾತನ ಎದುರಿಗೇ ತೆಗೆದ. ಮುನಿಸಿಕೊಂಡಿದ್ದರಿಂದ ಒಂದು ಗೀರನ್ನೂ ಬಿಡಲಿಲ್ಲ. ನೋಂದಣಿ ಮತ್ತು ವಿಮೆಯ ಪ್ರತಿಗಳು ಸೀಟಿನ ಕೆಳಗಿದ್ದವು. ಮೂಲ ಲೈಸನ್ಸನ್ನು ಒತ್ತೆಯಾಗಿ ಬಿಡದೆ, ಠೇವಣಿ ಕಟ್ಟಿ ರಸೀದಿ ಪಡೆದರು. ನಾಲ್ಕು ಹೆಲ್ಮೆಟ್ಟುಗಳಲ್ಲಿ ಒಂದರ ಪಟ್ಟಿ ಹರಿದಿತ್ತು, ಬದಲಿಸಿಕೊಂಡರು.

ವಿದೇಶಕ್ಕೆ ಹೋಗುವ ಬಂಧುಗಳಿಗೂ ಈ ಪಾಠ ಹೊಸದಲ್ಲ. ಗ್ರೀಸಿನ ದ್ವೀಪಗಳಲ್ಲಿ ಪ್ರವಾಸಿಗರು ಹೀಗೆಯೇ ಸ್ಕೂಟರು ಹಿಡಿಯುತ್ತಾರೆ. ಅಲ್ಲಿ ರಸ್ತೆಯ ಬಲಬದಿ ಹಿಡಿಯಬೇಕು. ಹೊರಡುವ ಮುನ್ನ ನಮ್ಮ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಪಡೆದಿರಬೇಕು.

ರಿಬಂದರಿನ ಫೆರಿ ಹತ್ತುವಾಗ ತಾಯಿಯ ಕೈ ನಡುಗಿತು. ಇಳಿಜಾರು ಒದ್ದೆಯಾಗಿತ್ತು. ಮಗ ತಂದೆಯ ಹಿಂದಿನಿಂದ ಇಳಿದು ಬಂದು, ಒಂದೂ ಮಾತಾಡದೆ ಅವಳ ಸ್ಕೂಟರಿನ ಹಿಂಬದಿ ಹಿಡಿದುಕೊಂಡು ನಡೆದ. ಆಚೆಯ ದಂಡೆಯಲ್ಲಿ ಗದ್ದೆಗಳ ನಡುವೆ ರಸ್ತೆ ತೆರೆದುಕೊಂಡಿತು. ಅರ್ಧ ಗಂಟೆಯಲ್ಲಿ ತಾಯಿಯೇ ಮುಂದಾದಳು. ಪಿಯೆದಾದೆಯ ಗುಡ್ಡದ ಮೇಲಿನ ಚರ್ಚಿನಿಂದ ನದಿಯ ಎರಡೂ ಕವಲುಗಳನ್ನು ನೋಡಿದರು.

ದ್ವೀಪದ ಸಪ್ತಕೋಟೇಶ್ವರ ಗುಡಿಯನ್ನು ಬಹಮನಿಯರ ಕಾಲದಲ್ಲಿ ಕೆಡವಲಾಯಿತು, ವಿಜಯನಗರದ ಮಾಧವಮಂತ್ರಿ ಮತ್ತೆ ಕಟ್ಟಿಸಿದ, 16ನೆಯ ಶತಮಾನದಲ್ಲಿ ಪೋರ್ತುಗೀಜರು ಮತ್ತೆ ಕೆಡವಿದರು. ಭಕ್ತರು ಲಿಂಗವನ್ನು ನದಿ ದಾಟಿಸಿ ಆಚೆಯ ನಾರ್ವೆಗೆ ಒಯ್ದರು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ಕುಟುಂಬವೂ ಸ್ಕೂಟರುಗಳೊಡನೆ ಇನ್ನೊಂದು ಫೆರಿ ಏರಿ ದೇವರ ದಾರಿಯನ್ನೇ ಹಿಡಿಯಿತು. ಕೋವಾಡದ ಮಗುವಿಗೆ ಶಾಲೆಯಲ್ಲಿ ಕದಂಬರ ಹೆಸರೂ ಶಿವಾಜಿಯ ಹೆಸರೂ ಗೊತ್ತು. ಎರಡೂ ಒಂದೇ ಗುಡಿಯಲ್ಲಿ ಕೂಡುತ್ತವೆಂದು ತಿಳಿದದ್ದು ನಾರ್ವೆಯ ಅಂಗಳದಲ್ಲಿ.

ಮರುದಿನ ಸಂಜೆ ಅಂಗಡಿಯಾತ ಒಂದು ಗೀರು ತೋರಿಸಿ ಠೇವಣಿಯಲ್ಲಿ ಮುರಿದುಕೊಳ್ಳಲು ನೋಡಿದ. ಮಗ ಫೋನು ಮುಂದೆ ಹಿಡಿದ. ಠೇವಣಿ ಪೂರ್ತಿ ಮರಳಿತು.

ಚೋರ್ಲಾ ಏರುವ ಬಸ್ಸಿನಲ್ಲಿ ಮಗ ಬೆರಳು ಮಡಿಚಿ ಎಣಿಸುತ್ತಿದ್ದ. ಹದಿನೆಂಟು ತುಂಬಲು ಅವನಿಗೆ ಇನ್ನೂ ಇಪ್ಪತ್ತೊಂದು ತಿಂಗಳು ಬಾಕಿಯಿತ್ತು. ತಾಯಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಹೆಲ್ಮೆಟ್ಟಿನ ಪಟ್ಟಿಯ ಗುರುತು ಗದ್ದದ ಕೆಳಗೆ ಇನ್ನೂ ಕೆಂಪಗಿತ್ತು.