ಕ್ವಯಟ್ ಎಂಬ ಒಂದು ಪದ

ಲಿನಕ್ಸ್ ಗಣಕ ಏಳುವಾಗ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಓಡುತ್ತವಲ್ಲ, ನನಗೆ ಅದನ್ನು ನೋಡುತ್ತಾ ಕೂರುವುದೆಂದರೆ ಖುಷಿ. ಮೆಮೊರಿ ಎಷ್ಟಿದೆ, ಡಿಸ್ಕ್ ಸಿಕ್ಕಿತೇ, ಕೀಬೋರ್ಡ್ ಸಿಕ್ಕಿತೇ ಎಂದು ಕರ್ನಲ್ ಒಂದೊಂದಾಗಿ ವರದಿ ಒಪ್ಪಿಸುತ್ತಾ ಹೋಗುತ್ತದೆ. ಅದಕ್ಕೇ ಅಮ್ಮನ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿದಾಗ, ಅದರಲ್ಲಿ ತಾನಾಗಿ ಇರುವ 'ಕ್ವಯಟ್' ಎಂಬ ಪದವನ್ನು ತೆಗೆದುಹಾಕಿದ್ದೆ.

ಅಮ್ಮನಿಗೋ ಪ್ರತಿ ಸಲವೂ ಗಾಬರಿ. "ಏನೋ ಇದು, ಏನೇನೋ ಬರ್ತಾ ಇದೆ.. ನಾನೇನಾದ್ರೂ ಒತ್ತಿಬಿಟ್ನಾ?" ಅಂತ ಫೋನ್. "ಏನೂ ಇಲ್ಲಮ್ಮ, ಏಳ್ತಾ ಇದೆ ಅಷ್ಟೆ" ಎಂದು ಹೇಳಿ ಹೇಳಿ ಸಾಕಾಗಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಸರಿಮಾಡಲು ಕೂತೆ. ಐದು ನಿಮಿಷದ ಕೆಲಸ. ಇಟಿಸಿಯೊಳಗಿನ ಡಿಫಾಲ್ಟ್ ಎಂಬಲ್ಲಿ 'ಗ್ರಬ್' ಎಂಬ ಕಡತ ಇರುತ್ತದೆ. ಅದರಲ್ಲಿ 'ಲಿನಕ್ಸ್ ಡಿಫಾಲ್ಟ್' ಎಂದು ಹೆಸರು ಮುಗಿಯುವ ಸಾಲಿಗೆ ಮತ್ತೆ ಕ್ವಯಟ್ ಸೇರಿಸಿ, ಅಪ್‌ಡೇಟ್-ಗ್ರಬ್ ಆದೇಶ ಕೊಟ್ಟರೆ ಮುಗಿಯಿತು. ಪರದೆ ಶಾಂತವಾಯಿತು. ಆದರೆ ಒಂದು ಸಾಲು ಮಾತ್ರ ಉಳಿದುಕೊಂಡಿತು. ಎಸ್‌ಡಿಎ ಡಿಸ್ಕ್, ಇಂತಿಷ್ಟನೇ ಸೆಕ್ಟರ್, ಐ/ಓ ಎರರ್. ನೂರಾರು ಸಾಲುಗಳ ನಡುವೆ ಅದು ಅಲ್ಲಿಯವರೆಗೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ!

ಕರ್ನಲ್ ತನ್ನ ಸಂದೇಶಗಳಿಗೆ 0ಯಿಂದ 7ರವರೆಗೆ ಅಂಕ ಕೊಡುತ್ತದೆ. 0 ಎಂದರೆ ಪೂರ್ತಿ ಕೆಟ್ಟಿತು ಎಂದರ್ಥ, 7 ಎಂದರೆ ಬರೀ ಹರಟೆ. ಕ್ವಯಟ್ ಎಂದರೆ ಸಾಮಾನ್ಯವಾಗಿ ಮಟ್ಟ 4ಕ್ಕೆ ಇಳಿಯುತ್ತದೆ. ಅಂದರೆ 4ಕ್ಕಿಂತ ಕಡಿಮೆ ಅಂಕದವು ಮಾತ್ರ ಪರದೆಗೆ ಬರುತ್ತವೆ. ದೋಷಗಳ ಅಂಕ 3. ಹಾಗಾಗಿ ಅವು ಬಂದೇ ಬರುತ್ತವೆ, ಬರಬೇಕು ಕೂಡ.

ಇದೆಲ್ಲ ನನಗೆ ಗೊತ್ತಿತ್ತು. ಆದರೆ ಗಣಕ ಚೆನ್ನಾಗಿಯೇ ಓಡುತ್ತಿತ್ತು, ನನ್ನ ಬಸ್ಸಿಗೆ ಹೊತ್ತಾಗಿತ್ತು. 'ಲಾಗ್‌ಲೆವೆಲ್=3' ಎಂದು ಇನ್ನೊಂದು ಪದ ಸೇರಿಸಿದೆ. ಆ ಸಾಲೂ ಮಾಯ. "ಈಗ ಚೆನ್ನಾಗಿದೆ ನೋಡು" ಎಂದಳು ಅಮ್ಮ. ನಾನೂ ಬೀಗಿದೆ :)

ನಾಲ್ಕು ತಿಂಗಳ ಮೇಲೆ ಅದೇ ಫೋನ್. ಈ ಸಲ "ಏನೂ ಬರ್ತಾನೇ ಇಲ್ಲ ಕಣೋ."

ಹೋಗಿ ನೋಡಿದರೆ ಬರೀ ಕಪ್ಪು ಪರದೆ. ಗ್ರಬ್ ಪಟ್ಟಿಯಲ್ಲಿ 'ಇ' ಕೀಲಿ ಒತ್ತಿ, ನಾನೇ ಸೇರಿಸಿದ್ದ ಎರಡೂ ಪದಗಳನ್ನು ಅಳಿಸಿ, ಎಫ್ 10 ಒತ್ತಿದೆ. ಆ ಒಂದು ಸಲಕ್ಕೆ ಮಾತ್ರ ಆಗುವ ಬದಲಾವಣೆ ಅದು. ಅದೇ ಐ/ಓ ಎರರ್, ಈಗ ಒಂದಲ್ಲ, ಪುಟಗಟ್ಟಲೆ. ಡಿಸ್ಕ್ ಬಿಚ್ಚಿ ತಂದು, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಎರಡು ದಿನ ಕೂತು ನಕಲು ತೆಗೆದೆ. ಹೆಚ್ಚಿನದೆಲ್ಲ ಸಿಕ್ಕಿತು. ಅಪ್ಪನ ಷಷ್ಟ್ಯಬ್ದಿಯ ಫೋಟೋಗಳಲ್ಲಿ ಅರ್ಧ ಸಿಗಲಿಲ್ಲ. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಅಪ್ಪ ಈಗಿಲ್ಲ.

ಪರದೆಯಿಂದ ಮರೆಮಾಡಿದರೆ ಸಂದೇಶ ಅಳಿಸಿಹೋಗುವುದಿಲ್ಲ. ಕರ್ನಲ್ ಅದನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡೇ ಇರುತ್ತದೆ, ಡಿಮೆಸೇಜ್ ಆದೇಶ ಕೊಟ್ಟರೆ ತೋರಿಸುತ್ತದೆ. ಆ ನಾಲ್ಕು ತಿಂಗಳೂ ಅದು ಹೇಳುತ್ತಲೇ ಇದ್ದಿರಬೇಕು. ಬಾಯಿ ಮುಚ್ಚು ಅಂದವನು ನಾನು.

ಈಗ ಹೊಸ ಎಸ್‌ಎಸ್‌ಡಿ ಹಾಕಿದ್ದೇನೆ. ಕ್ವಯಟ್ ಇದೆ, ಲಾಗ್‌ಲೆವೆಲ್ ಮುಟ್ಟಿಲ್ಲ. ಫೋಟೋಗಳ ಪ್ರತಿ ಎರಡು ಕಡೆ ಇದೆ. "ಬಿಳಿ ಅಕ್ಷರ ಏನಾದ್ರೂ ಕಂಡ್ರೆ ಫೋಟೋ ತೆಗೆದು ಕಳಿಸಮ್ಮ" ಎಂದು ಹೇಳಿಟ್ಟಿದ್ದೇನೆ. ಮೊನ್ನೆ ಒಂದು ಕಳಿಸಿದ್ದಳು. ಬ್ಲೂಟೂತ್‌ನದೇನೋ ತಕರಾರು, ಅಪಾಯವೇನಿಲ್ಲ.. ಆದರೂ ಕೊನೆಯ ಅಕ್ಷರದವರೆಗೂ ಓದಿದೆ.