ಟಿಕ್ ಹಾಕುವ ಮುನ್ನ

ಭಾನುವಾರ ರಾತ್ರಿ, ಬಿಟಿಎಂ ಲೇಔಟಿನ ಪಿಜಿ. ಕೆಳಗೆ ಪಾತ್ರೆ ತೊಳೆಯುವ ಸದ್ದು ನಿಂತಿದೆ, ವೈಫೈ ಈಗಷ್ಟೇ ಚುರುಕಾಗಿದೆ. ಇಂಟರ್‌ವ್ಯೂಗೆಂದು ಕಂಪನಿ ಕೊಟ್ಟ ಅಸೈನ್‌ಮೆಂಟ್ ನಿಮ್ಮೆದುರು ತೆರೆದಿದೆ. ನಾಲ್ಕು ಗಂಟೆ ಸಾಕು ಎಂದಿದ್ದರು. ನೀವು ಶುಕ್ರವಾರ ರಾತ್ರಿಯಿಂದ ಕೂತಿದ್ದೀರಿ. ಕಿರಾಣಿ ಡೆಲಿವರಿಗೆ ಸ್ಲಾಟ್ ಹಂಚುವ ಪ್ರೋಗ್ರಾಮು. ಟೆಸ್ಟುಗಳೆಲ್ಲ ಹಸಿರು. ಅಪ್‌ಲೋಡ್ ಮಾಡಿದರೆ ಮುಗಿಯಿತು.

ಬಟನ್ ಪಕ್ಕ ಒಂದು ಪುಟ್ಟ ಚೌಕ, ಇರುವೆ ಸಾಲಿನಂಥ ಅಕ್ಷರ: ಸಲ್ಲಿಸಿದ ಕೋಡಿನ ಸರ್ವಹಕ್ಕೂ ಕಂಪನಿಗೆ ಸೇರತಕ್ಕದ್ದು.

"ಟಿಕ್ ಹಾಕೋ ಮಗಾ, ನಿನ್ನ ಕೋಡ್ ಯಾರಿಗೆ ಬೇಕು?" ಎನ್ನುತ್ತಾನೆ ರೂಮ್‌ಮೇಟ್. ಬಹಳಷ್ಟು ಸಲ ಅದು ನಿಜವೇ; ಎಷ್ಟೋ ಕಡೆ ಪೂರ್ತಿ ಓದುವವರೂ ಇರುವುದಿಲ್ಲ. ಆದರೆ ಈ ಕಂಪನಿ ಮಾರುವುದೇ ಕಿರಾಣಿ. ಅನುಮಾನ ಅವನಿಗೂ ಬರುತ್ತದೆ. ಹಾಸನದಲ್ಲಿ ವಕೀಲಿಕೆ ಮಾಡುವ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕುತ್ತಾನೆ.

"ನೀನು ಅವರ ನೌಕರನೇನಪ್ಪಾ?"

"ಇಲ್ಲ ಅಕ್ಕ."

"ಮತ್ತೆ? ಕೋಡು ನಿಂದೇ."

1957ರ ಕೃತಿಸ್ವಾಮ್ಯ ಕಾಯ್ದೆಗೆ ಕಂಪ್ಯೂಟರ್ ಪ್ರೋಗ್ರಾಮೂ ಒಂದು ಸಾಹಿತ್ಯ ಕೃತಿಯಂತೆ. 17ನೇ ಸೆಕ್ಷನ್ ಪ್ರಕಾರ ಬರೆದವನೇ ಮೊದಲ ಒಡೆಯ. ನೌಕರಿಯ ಭಾಗವಾಗಿ ಬರೆದದ್ದು ಮಾತ್ರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನದು. ನೋಂದಣಿ ಕಡ್ಡಾಯವಲ್ಲ. ಹಕ್ಕು ಬಿಟ್ಟುಕೊಡಲು 19ನೇ ಸೆಕ್ಷನ್ ಬರಹ, ಸಹಿ ಎರಡನ್ನೂ ಕೇಳುತ್ತದೆ. "ಟಿಕ್ಕು ಸಹಿ ಆಗುತ್ತಾ ಅಂತ ಕೋರ್ಟಲ್ಲಿ ವಾದ ಮಾಡಬಹುದು. ಆ ವಾದಕ್ಕೆ ನೀನ್ಯಾಕೆ ಎಡೆ ಕೊಡ್ತೀಯ? ಇನ್ನೊಂದು, ನೀನು ಬರೆದ ಕೋಡಿಗಷ್ಟೇ ರಕ್ಷಣೆ. ಐಡಿಯಾ ನೋಡ್ಕೊಂಡು ಅವರೇ ಬೇರೆ ಬರೆದ್ರೆ ಏನೂ ಮಾಡೋಕಾಗಲ್ಲ."

ಫೋನಿಟ್ಟು ಪ್ಯಾಕೇಜ್ ಫೈಲ್ ತೆರೆಯುತ್ತೀರಿ. ಲೈಸೆನ್ಸ್ ಸಾಲಿನಲ್ಲಿ 'ಐಎಸ್‌ಸಿ'! ನೀವು ಬರೆದದ್ದಲ್ಲ, ಎನ್‌ಪಿಎಂ ತಾನಾಗಿ ತುಂಬಿದ್ದು. ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಿ ಎನ್ನುವ ಲೈಸೆನ್ಸ್ ಅದು. ಕಂಪನಿಯ ಚೌಕಕ್ಕಿಂತ ಮೊದಲು ನಿಮ್ಮ ಫೈಲೇ ಬಳಸುವ ಅನುಮತಿ ಕೊಟ್ಟುಬಿಡುತ್ತಿತ್ತು. ಅದನ್ನು 'ಅನ್‌ಲೈಸೆನ್ಸ್ಡ್' ಎಂದು ಬದಲಿಸುತ್ತೀರಿ. ರೀಡ್‌ಮಿಯ ತಲೆಯಲ್ಲಿ ಹೆಸರು, ವರ್ಷ, 'ಮೌಲ್ಯಮಾಪನಕ್ಕೆ ಮಾತ್ರ' ಎಂಬ ಸಾಲು. ಯಾವಾಗ ಬರೆದದ್ದು ಎಂಬುದಕ್ಕೂ ಸಾಕ್ಷಿ ಬೇಕು, ಆದರೆ ಕಮಿಟ್ ತಾರೀಖನ್ನು ನಮ್ಮ ಯಂತ್ರದಲ್ಲಿ ಹೇಗೂ ತಿದ್ದಬಹುದು. ಹಾಗಾಗಿ ಗಿಟ್‌ಹಬ್ಬಿನ ಖಾಸಗಿ ರೆಪೋಗೂ ಪುಶ್ ಮಾಡುತ್ತೀರಿ.

ಚೌಕ ಖಾಲಿಯೇ ಇದೆ. ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹೋಗುತ್ತದೆ: ಹಕ್ಕು ನನ್ನಲ್ಲೇ ಉಳಿಸಿಕೊಂಡು, ಪರಿಶೀಲನೆಗಷ್ಟೇ ಕೋಡ್ ಕಳಿಸಬಹುದೇ?

ಈ ಪ್ರಶ್ನೆಯನ್ನು ಅಸೈನ್‌ಮೆಂಟ್ ಕೈಗೆ ಬಂದ ದಿನವೇ ಕೇಳಿ. ಉತ್ತರ ಹಿಡಿಸದಿದ್ದರೆ ವಾರಾಂತ್ಯವಾದರೂ ನಿಮ್ಮದಾಗಿ ಉಳಿಯುತ್ತದೆ.