ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ?

ಮುಂಬಯಿಯಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೆ ಊರಿನಿಂದ ಬರುವ ಫೋನಿನ ಧಾಟಿ ಚೆನ್ನಾಗಿ ಗೊತ್ತು. ಮೊದಲು ಕ್ಷೇಮಸಮಾಚಾರ, ಆಮೇಲೆ ಮಳೆಬೆಳೆ, ಆಮೇಲೆ ಯಾರದೋ ಮಗಳ ಮದುವೆ. ಇಷ್ಟಾದ ಮೇಲೆ ಒಂದು ಸಣ್ಣ ಕೆಮ್ಮು, ಅದರ ಹಿಂದೆಯೇ ಮುಖ್ಯ ವಿಷಯ: "ಬರುವ ವಾರ ಮುಂಬಯಿಗೆ ಬರುವುದಿತ್ತು." ಬರುವವರು ಸಂದರ್ಶನಕ್ಕೆ ಕರೆ ಬಂದ ಹುಡುಗನಿರಬಹುದು, ಮಗನನ್ನು ವಿಮಾನ ಹತ್ತಿಸಲು ಬರುವ ತಂದೆತಾಯಿಗಳಿರಬಹುದು, ಕಾಗದಪತ್ರಗಳ ಚೀಲ ಹಿಡಿದು ಪರೇಲಿನ ಟಾಟಾ ಆಸ್ಪತ್ರೆಗೆ ಬರುವವರಿರಬಹುದು. ಎಲ್ಲರ ಪ್ರಶ್ನೆಗಳೂ ಎರಡೇ. ಉಳಿಯುವುದೆಲ್ಲಿ? ಉಣ್ಣುವುದೆಲ್ಲಿ?

ನಾವು ಕೇಂದ್ರ ಸರಕಾರದ ಗುಮಾಸ್ತರು. ಕುಮಟೆಯಲ್ಲಿ ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ರಸಾಯನಶಾಸ್ತ್ರದ ಋಣ ಹರಿದುಕೊಂಡು ಈ ಶಹರಕ್ಕೆ ಬಂದು ಇಪ್ಪತ್ತು ವರ್ಷ ಮೀರಿತು. ವಾಸ ಆ್ಯಂಟಾಪ್ ಹಿಲ್ಲಿನ ಸರಕಾರಿ ವಸತಿಯಲ್ಲಿ. ಎರಡು ಕೋಣೆ, ಒಂದು ಅಡಿಗೆಮನೆ, ನಾಲ್ಕು ಜನ. 'ಮನೆ ಚಿಕ್ಕದಾದರೇನು, ಮನಸ್ಸು ದೊಡ್ಡದು' ಎಂದು ಸಭೆ ಸಮಾರಂಭಗಳಲ್ಲಿ ಹೇಳಲು ಚಂದ. ಬೆಳಿಗ್ಗೆ ಆರು ಗಂಟೆಗೆ ಬಚ್ಚಲುಮನೆಯ ಬಾಗಿಲಲ್ಲಿ ಆರು ಜನ ನಿಂತಾಗ ಆ ದೊಡ್ಡ ಮನಸ್ಸಿನ ನಿಜವಾದ ಅಳತೆ ಸಿಗುತ್ತದೆ. ಆದರೂ ಬಂದವರನ್ನು ಬೇಡವೆಂದದ್ದಿಲ್ಲ. ಬಂದವರಿಗೂ ನಮಗೂ ಸುಖವಾಗುವ ದಾರಿಯನ್ನು ಮಾತ್ರ ನಾವೂ ನಮ್ಮಾಕೆಯೂ ವರ್ಷಗಳಿಂದ ಹುಡುಕಿಕೊಂಡಿದ್ದೇವೆ. ಅದನ್ನೇ ಓದುಗ ಬಂಧುಗಳ ಮುಂದಿಡುವ ಮನಸ್ಸಾಗಿದೆ.

ಉಣ್ಣುವ ಮಾತು ಮೊದಲು. ದಾದರಿನಿಂದ ಮಧ್ಯ ರೈಲ್ವೆಯ ನಿಧಾನ ಗಾಡಿ ಹತ್ತಿದರೆ ಮುಂದಿನ ಸ್ಟೇಶನ್ನೇ ಮಾಟುಂಗಾ. ೧೮೯೬ರ ಪ್ಲೇಗಿನ ಹಾವಳಿಯ ನಂತರ, ಇಕ್ಕಟ್ಟಿನ ಹಳೆಯ ಶಹರವನ್ನು ಹಗುರಮಾಡಲೆಂದು ೧೮೯೮ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟು ಹುಟ್ಟಿತು. ಅದು ರಸ್ತೆ, ಉದ್ಯಾನಗಳ ಗುರುತು ಹಾಕಿ ಬೆಳೆಸಿದ ಬಡಾವಣೆಗಳಲ್ಲಿ ಮಾಟುಂಗಾವೂ ಒಂದು. ದಕ್ಷಿಣದಿಂದ ಬಂದ ಗುಮಾಸ್ತರೂ ಟೈಪಿಸ್ಟರೂ ಇಲ್ಲಿ ಬಿಡಾರ ಹೂಡಿದರು. ಅವರ ಬೆನ್ನಿಗೇ ಕಾಫಿಯ ಪರಿಮಳವೂ ಬಂತು. ಎ. ರಾಮ ನಾಯಕರು ೧೯೩೬ರಲ್ಲಿ ಕಿಂಗ್ಸ್ ಸರ್ಕಲ್ಲಿನಲ್ಲಿ ಕೆಫೆ ಮೈಸೂರು ತೆರೆದರು. ೧೯೩೯ರಲ್ಲಿ ಸ್ಟೇಶನ್ನಿನ ಬಳಿ ರಾಮಾಶ್ರಯ, ೧೯೪೦ರಲ್ಲಿ ಗೋಪಾಲ ಕಾಮತರ ಕೆಫೆ ಮದ್ರಾಸ್, ೧೯೪೨ರಲ್ಲಿ ಮತ್ತೆ ರಾಮ ನಾಯಕರದೇ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಆರೇ ವರ್ಷಗಳಲ್ಲಿ ಒಂದು ಪೇಟೆಯ ಹೊಟ್ಟೆಯ ಚಿಂತೆ ತೀರಿತು. ಹೆಸರುಗಳನ್ನು ಗಮನಿಸಿ: ಒಂದು ಮೈಸೂರು, ಇನ್ನೊಂದು ಮದ್ರಾಸು, ತೆರೆದ ಕೈಗಳು ಮಾತ್ರ ನಮ್ಮ ಕರಾವಳಿಯವು. ಇಲ್ಲಿಯವರಿಗೆ ದಕ್ಷಿಣದವರೆಲ್ಲ ಒಂದೇ ಎಂಬುದನ್ನು ಅರಿತ ಜಾಣರು ಫಲಕದಲ್ಲಿ ಗಿರಾಕಿಗೆ ತಿಳಿಯುವ ಊರನ್ನು ಬರೆಸಿ, ಒಳಗೆ ತಮ್ಮ ಊರಿನ ಸಾಂಬಾರು ಕುದಿಸಿದರು.

ಅತಿಥಿಗಳೊಂದಿಗೆ ಕೆಫೆ ಮದ್ರಾಸಿಗೆ ಹೋಗುವುದಾದರೆ ಭಾನುವಾರ ಬೆಳಿಗ್ಗೆ ಬೇಡ. ಹೆಸರು ಬರೆಸಿ ಬೀದಿಯಲ್ಲಿ ನಿಲ್ಲುವಷ್ಟರಲ್ಲಿ ಹಸಿವು ಸತ್ತಿರುತ್ತದೆ. ವಾರದ ದಿನ ಏಳೂವರೆಗೆ ಹೋದರೆ ರಾಗಿ ದೋಸೆಯನ್ನು ನಿಧಾನವಾಗಿ ಸವಿಯಬಹುದು. ರಾಮಾಶ್ರಯದಲ್ಲಿ ಅನಾನಸಿನ ಶೀರಾ, ಮೇಲೊಂದು ಕಾಫಿ. ಇಲ್ಲಿಯ ಇಡ್ಲಿ ಊರಿನದಕ್ಕಿಂತ ಮೃದುವಾಗಿದೆಯೆಂದು ಬಂದವರು ಒಪ್ಪಿಕೊಂಡಾಗ ನಮ್ಮ ಬಿ.ಎಸ್ಸಿ. ಕೂಡಲೇ ಉಪಯೋಗಕ್ಕೆ ಬರುತ್ತದೆ. ಉದ್ದಿನ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಹದವಾದ ಬೆಚ್ಚಗು. ಮುಂಬಯಿಯ ಹವೆ ನಮಗೆ ಬೆವರಾದರೆ ಅವುಗಳಿಗೆ ಸ್ವರ್ಗ. ಮಧ್ಯಾಹ್ನಕ್ಕೆ ಬೋರ್ಡಿಂಗಿನ ಮಾಳಿಗೆ ಹತ್ತಿ ಚೀಟಿ ಕೊಂಡರೆ ಬಾಳೆಲೆಯ ಊಟ. ಅನ್ನ, ಸಾರು, ಪಲ್ಯ, ಮಜ್ಜಿಗೆ. ಮೀನಿಲ್ಲದೆ ತುತ್ತು ಇಳಿಯದ ನಮ್ಮ ಕಡೆಯ ನೆಂಟರನ್ನು ಕೋಟೆಯ ಭಾಗದ ಮಹೇಶ್ ಲಂಚ್ ಹೋಮಿಗೆ ಕರೆದೊಯ್ಯುತ್ತೇವೆ. ಗಸಿಯ ಬಣ್ಣ ನೋಡಿದೊಡನೆ ಅವರ ಮುಖದ ಬಣ್ಣವೂ ತಿಳಿಯಾಗುತ್ತದೆ.

ಇವೆಲ್ಲ ನಾಲಗೆಯ ಮಾತಾಯಿತು. ಈ ಹೋಟೆಲುಗಳ ಬೆಲೆ ನಾಲಗೆಗಿಂತ ಆಳದಲ್ಲಿದೆ ಎಂದು ನಮ್ಮ ಅಭಿಪ್ರಾಯ. ಇವನ್ನು ಕಟ್ಟಿದವರಲ್ಲಿ ಅನೇಕರು ಒಂದು ಕಾಲಕ್ಕೆ ಈ ಎರಡು ಪ್ರಶ್ನೆಗಳನ್ನೇ ಹಿಡಿದು ಈ ಊರಿಗೆ ಇಳಿದವರು. ಹನ್ನೆರಡು ಹದಿಮೂರರ ಹುಡುಗರು ಸ್ಟೀಮರಿನಲ್ಲೋ ಗಾಡಿಯಲ್ಲೋ ಬಂದು ಯಾರದೋ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತರು. ಅವರ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಕ್ಕಿತು. ಉಣ್ಣುವುದು ಹೋಟೆಲಿನಲ್ಲಿ, ರಾತ್ರಿ ಬಾಗಿಲೆಳೆದ ಮೇಲೆ ಮೇಜು ಸರಿಸಿ ಮಲಗುವುದೂ ಅಲ್ಲಿಯೇ. ಸಂಜೆ ಬಿಡುವಾದವರು ಕನ್ನಡದ ರಾತ್ರಿಶಾಲೆಗೆ ಓಡಿದರು. ೧೯೦೨ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ೧೯೦೮ರಲ್ಲಿಯೇ ಅಂಥ ರಾತ್ರಿಶಾಲೆಯನ್ನು ತೆರೆದಿತ್ತು. ಲೋಟ ತೊಳೆದ ಕೈಗಳು ಅಕ್ಷರ ತಿದ್ದಿ ಮುಂದೆ ಗಲ್ಲಾಪೆಟ್ಟಿಗೆಗೂ ವಕೀಲಿಯ ಕಪ್ಪು ಕೋಟಿಗೂ ಏರಿದ ಕತೆಗಳು ನಮ್ಮ ನಿಮ್ಮ ಮನೆಗಳಲ್ಲಿಯೇ ಇವೆ.

ಇದು ಕನ್ನಡಿಗರದಷ್ಟೇ ಕತೆಯೂ ಅಲ್ಲ. ಪರೇಲು, ಲಾಲಬಾಗಿನ ಗಿರಣಿ ಕೆಲಸಗಾರರು ಹೆಂಡಿರುಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ಅವರಿಗೆ ಅನ್ನ ಹಾಕಿದ್ದು ಚಾಳುಗಳ ಖೋಲಿಗಳಲ್ಲಿ ಖಾನಾವಳಿ ನಡೆಸಿದ ಹೆಂಗಸರು. ಲೆಕ್ಕ ತಿಂಗಳಿಗೊಮ್ಮೆ, ಅಕ್ಕಿಬೇಳೆಗೆ ಮಾಡಿದ ಸಾಲದ ಬಡ್ಡಿ ಮಾತ್ರ ದಿನವೂ ಬೆಳೆಯುವಂಥದು. ಪ್ರೇಮಾ ಪುರವ ಅವರು ೧೯೭೫ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಅವರಿಗೆ ಬ್ಯಾಂಕಿನ ಸಾಲದ ದಾರಿ ತೋರಿಸಿದರು. ೧೯೮೨ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾಗಿ ಸಂಬಳ ನಿಂತಾಗ ಖಾನಾವಳಿಗಳ ಒಲೆಗೂ ಬಿಸಿ ತಟ್ಟಿತು. ಬೋರ್ಡಿಂಗಿನಲ್ಲಾಗಲಿ ಖಾನಾವಳಿಯಲ್ಲಾಗಲಿ ಉಂಡವನು ದುಡ್ಡು ಕೊಟ್ಟು ಉಂಡನು, ತಲೆಯೆತ್ತಿ ಉಂಡನು. ಪರಸ್ಥಳದಲ್ಲಿ ಮನುಷ್ಯನಿಗೆ ಬೇಕಾದದ್ದು ಅನ್ನವೊಂದೇ ಅಲ್ಲ, ಹಂಗಿಲ್ಲದ ಅನ್ನ.

ಈ ಮಾತನ್ನು ನಮಗೆ ಬಿಡಿಸಿ ಹೇಳಿದವರು ನಮ್ಮ ಸೋದರಮಾವ. ೨೦೧೮ರ ಮಳೆಗಾಲದಲ್ಲಿ ಗಂಟಲಿನ ತೊಂದರೆಗೆಂದು ಅವರು ಟಾಟಾ ಆಸ್ಪತ್ರೆಗೆ ಬಂದರು. ೧೯೪೧ರಲ್ಲಿ ಆರಂಭವಾದ ಈ ಆಸ್ಪತ್ರೆ ೧೯೬೨ರಿಂದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ದೇಶದ ಮೂಲೆಮೂಲೆಯಿಂದ ಬಂದವರ ಸಾಲಿನಲ್ಲಿ ನಮ್ಮ ಮಾವನೂ ಒಬ್ಬರಾದರು. ಆರು ವಾರ ವಿಕಿರಣ ಚಿಕಿತ್ಸೆ, ಸೋಮವಾರದಿಂದ ಶುಕ್ರವಾರದವರೆಗೆ. ನಮ್ಮ ಮನೆಯಲ್ಲಿ ಒಂದು ಕೋಣೆ ತೆರವು ಮಾಡಿ ಮಕ್ಕಳ ಪುಸ್ತಕಗಳನ್ನು ಅಡಿಗೆಮನೆಗೆ ಸಾಗಿಸಿದ್ದೆವು. ನಾಲ್ಕನೆಯ ದಿನ ಮಾವ, ದಾದರಿನ ಒಂದು ಧರ್ಮಶಾಲೆಯಲ್ಲಿ ಜಾಗ ಸಿಕ್ಕಿದೆ, ಅಲ್ಲಿಗೆ ಹೋಗುತ್ತೇನೆ ಎಂದರು. ಊರಿಗೆ ಸುದ್ದಿ ಮುಟ್ಟಿದ್ದೇ ತಡ, ಫೋನುಗಳ ಮಳೆ. ಸ್ವಂತ ಅಳಿಯ ಮುಂಬಯಿಯಲ್ಲಿರುವಾಗ ರೋಗಿಷ್ಠ ಮಾವ ಧರ್ಮಶಾಲೆಯಲ್ಲಿರುವುದೇ? ನಮ್ಮಾಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಮಾವಾ, ನಮ್ಮಿಂದ ಏನು ಕಡಿಮೆಯಾಯಿತು?" ಎಂದು ನಾವು ಕೇಳಿದೆವು.

ಮಾವ ಹೇಳಿದರು: "ತಮ್ಮಾ, ಕಡಿಮೆಯೇನೂ ಆಗಲಿಲ್ಲ, ಹೆಚ್ಚಾಯಿತು. ನನಗೆ ತುತ್ತು ನುಂಗಲಾಗದು. ನಿನ್ನ ಹೆಂಡತಿ ಮಾಡಿಟ್ಟದ್ದನ್ನು ಬಿಟ್ಟರೆ ಅವಳ ಮುಖ ಸಣ್ಣದಾಗುತ್ತದೆ. ಅದನ್ನು ನೋಡಿ ಉಂಡರೆ ಗಂಟಲು ಉರಿಯುತ್ತದೆ. ಮಾಟುಂಗಾದಲ್ಲಿ ಚೀಟಿ ಕೊಂಡು ಕೂತರೆ, ಬೇಕಾದಷ್ಟು ಹಾಕಿಸಿಕೊಂಡು, ಆಗದಿದ್ದರೆ ಎದ್ದು ಬಂದರಾಯಿತು. ಯಾರೂ ಕೇಳುವುದಿಲ್ಲ. ಅಲ್ಲಿ ನಾನು ರೋಗಿಯಲ್ಲ, ಗಿರಾಕಿ."

ನಮಗೆ ಮರುಮಾತು ಹೊಳೆಯಲಿಲ್ಲ. ಚಿಕಿತ್ಸೆ ಮುಗಿಸಿ, ಮೈಯಲ್ಲಿ ಶಕ್ತಿಯಿದ್ದ ದಿನ ಅವರು ಒಬ್ಬರೇ ದಾದರಿನಿಂದ ಗಾಡಿ ಹತ್ತಿ ಮಾಟುಂಗಾಕ್ಕೆ ಬರುತ್ತಿದ್ದರು. ಮೊದಲ ವಾರಗಳಲ್ಲಿ ಪೂರ್ತಿ ಊಟ, ಆಮೇಲೆ ಸಾಂಬಾರಿನಲ್ಲಿ ನೆನೆಸಿದ ಇಡ್ಲಿ, ಕೊನೆಗೆ ಮೊಸರನ್ನ. ಗಲ್ಲಾಪೆಟ್ಟಿಗೆಯಲ್ಲಿದ್ದವರೊಡನೆ ಎರಡು ಮಾತು ಕನ್ನಡ. ಐದನೆಯ ವಾರ ಅದೂ ಆಗದಾದಾಗ ನಮ್ಮಾಕೆ ಗಂಜಿ ಬಸಿದು ಧರ್ಮಶಾಲೆಗೆ ಒಯ್ದರು. ಮಾವ ಅದನ್ನು ಬೇಡವೆನ್ನಲಿಲ್ಲ. ಭಾನುವಾರಗಳಂದು ನಮ್ಮ ಮನೆಗೆ ಅತಿಥಿಯಂತೆ ಬಂದು, ಮಕ್ಕಳ ಜೊತೆ ಇಸ್ಪೀಟು ಆಡಿ, ಸಂಜೆ ಹೊರಟುಬಿಡುತ್ತಿದ್ದರು. ಊರಿಗೆ ಮರಳಿದ ಮೇಲೆ ಎರಡು ವರ್ಷ ಬದುಕಿದ್ದರು. ಫೋನಿನಲ್ಲಿ ಆಸ್ಪತ್ರೆಯ ಮಾತೇ ಇರುತ್ತಿರಲಿಲ್ಲ. ಅನಾನಸಿನ ಶೀರಾದ ಬಗ್ಗೆ ವಿಚಾರಿಸುತ್ತಿದ್ದರು.

ಆದ್ದರಿಂದ ಉಳಿಯುವ ಪ್ರಶ್ನೆಗೆ ನಮ್ಮ ಉತ್ತರ ಹೀಗಿದೆ. ಎರಡು ದಿನಕ್ಕೆ ಬರುವವರು ಮನೆಗೇ ಬರಲಿ. ಬಚ್ಚಲಿನ ಸಾಲು ಎರಡು ದಿನಕ್ಕೆ ಭಾರವಲ್ಲ. ಹೆಚ್ಚು ದಿನ ಇರುವವರಿಗೆ, ಮುಜುಗರ ಬಿಟ್ಟು, ಬೇರೆ ದಾರಿಗಳನ್ನೂ ತಿಳಿಸೋಣ. ಮಾಟುಂಗಾದ ಭಾವುದಾಜಿ ರಸ್ತೆಯಲ್ಲಿ ೧೯೨೬ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಇದೆ. ಅಲ್ಲಿಯ ಅತಿಥಿಕೋಣೆಗಳಿಗೆ ಮೊದಲೇ ವಿಚಾರಿಸಿಕೊಳ್ಳಬೇಕು. ಟಾಟಾ ಆಸ್ಪತ್ರೆಗೆ ಬರುವವರು ಅಲ್ಲಿಯ ಸಮಾಜಸೇವಾ ವಿಭಾಗವನ್ನು ಮೊದಲ ದಿನವೇ ಕಾಣಬೇಕು. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ, ಪರೇಲಿನಲ್ಲಿ ೧೯೬೮ರಿಂದ ಸೇವೆ ಮಾಡುತ್ತಿರುವ ನಾನಾ ಪಾಲಕರ್ ಸ್ಮೃತಿ ಸಮಿತಿ ಮೊದಲಾದವು ದೂರದಿಂದ ಬಂದ ರೋಗಿಗಳಿಗೂ ಜೊತೆಯವರಿಗೂ ಆಸರೆಯಾಗಿವೆ. ಜಾಗ ಕೇಳಿದೊಡನೆ ಸಿಗುತ್ತದೆಂದಲ್ಲ. ಆಸ್ಪತ್ರೆಯ ಕಾಗದ ಕೈಯಲ್ಲಿರಬೇಕು, ತಾಳ್ಮೆಯೂ ಇರಬೇಕು. ಕೊಂಕಣ ರೈಲು ೧೯೯೮ರಲ್ಲಿ ಆರಂಭವಾದ ಮೇಲೆ ನಮ್ಮ ಕರಾವಳಿಯವರು ಮತ್ಸ್ಯಗಂಧಾದಲ್ಲಿ ಕುರ್ಲಾ ಟರ್ಮಿನಸ್ಸಿಗೆ ಇಳಿಯುತ್ತಾರೆ. ಅಲ್ಲಿಂದ ತಿಲಕನಗರ ಸ್ಟೇಶನ್ನಿಗೆ ನಡೆದು ಹಾರ್ಬರ್ ಗಾಡಿ ಹಿಡಿಯಬಹುದೆಂದು ಮೊದಲೇ ಹೇಳಿಬಿಟ್ಟರೆ ಟ್ಯಾಕ್ಸಿಯ ಗೊಂದಲ ತಪ್ಪುತ್ತದೆ.

ಸಮುದ್ರ ತೋರಿಸದೆ ಅತಿಥಿಗಳನ್ನು ಕಳಿಸುವಂತಿಲ್ಲ. ಹೊನ್ನಾವರ, ಕುಮಟೆಯವರಿಗೆ ಸಮುದ್ರ ತೋರಿಸುವುದೇನು ಎಂದು ನಮಗೆ ಅನ್ನಿಸಿದರೂ ಅವರು ಕೇಳಿಯೇ ಕೇಳುತ್ತಾರೆ. ಜುಹೂ ಕಡೆಗೆ ಹೋದರೆ ನ್ಯಾಚುರಲ್ಸ್ ಐಸ್ ಕ್ರೀಮಿನ ಎಳನೀರಿನ ಬಗೆಯನ್ನು ತಿನ್ನಿಸಿ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು ೧೯೮೪ರಲ್ಲಿ ಜುಹೂವಿನಲ್ಲಿ ಮೊದಲ ಅಂಗಡಿ ತೆರೆದಾಗ, ಗಿರಾಕಿಗಳನ್ನು ಸೆಳೆಯಲು ಪಾವ್ ಭಾಜಿಯನ್ನೂ ಮಾರುತ್ತಿದ್ದರು. ೨೦೨೪ರಲ್ಲಿ ಅವರು ತೀರಿಕೊಂಡರು. ಊರಿನ ಎಳನೀರನ್ನು ಮುಂಬಯಿಯ ನಾಲಗೆಗೆ ಮುಟ್ಟಿಸಿದ ಪುಣ್ಯ ಅವರದು.

ಮಾಟುಂಗಾದ ಹೋಟೆಲುಗಳಲ್ಲಿ ಈಗ ಬಡಿಸುವ ಹುಡುಗರಲ್ಲಿ ಬಹುಮಂದಿ ಕನ್ನಡದವರಲ್ಲ. ಉತ್ತರದ, ಪೂರ್ವದ ರಾಜ್ಯಗಳಿಂದ ಬಂದವರು. 'ಮೊದಲಿನ ಹಾಗಿಲ್ಲ' ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ನಮ್ಮ ಹುಡುಗರು ಓದಿ ಮುಂದೆ ಹೋದರೆಂಬುದೂ ಆ ನಿಟ್ಟುಸಿರಿನಲ್ಲಿಯೇ ಇದೆಯಲ್ಲ. ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ ಎಂದು ಈಗ ಕೇಳುವವರು ಆ ಹುಡುಗರು. ಬಡಿಸಿದವನಿಗೆ ಒಂದು ಒಳ್ಳೆಯ ಮಾತು ಹೇಳಿ ಏಳುವುದನ್ನು ನಮ್ಮ ಮಕ್ಕಳಿಗೆ ಕಲಿಸೋಣ.

ಕೊನೆಯಲ್ಲಿ ಒಂದು ಸಲಹೆ. ನಮ್ಮ ಸಂಘದ ಕಚೇರಿಯಲ್ಲಿ ಒಂದು ಪುಸ್ತಕವಿರಲಿ. ಉಳಿಯುವ ಸ್ಥಳ, ಉಣ್ಣುವ ಸ್ಥಳ, ರಜೆಯ ದಿನ, ಬೇಕಾದ ಕಾಗದಪತ್ರ ಇಷ್ಟನ್ನು ಸದಸ್ಯರು ಸ್ವತಃ ಹೋಗಿ ನೋಡಿ ಬರೆಯಲಿ, ವರ್ಷಕ್ಕೊಮ್ಮೆ ತಿದ್ದಲಿ. ಆಸ್ಪತ್ರೆಗೆ ಬಂದವರ ಜೊತೆ ಮೊದಲ ದಿನ ಹೋಗಿ ಹಿಂದಿ, ಮರಾಠಿಯಲ್ಲಿ ನಾಲ್ಕು ಮಾತು ಆಡಿಕೊಡುವ ಸದಸ್ಯರ ಹೆಸರುಗಳೂ ಅದರಲ್ಲಿರಲಿ. ಮೊದಲ ಹೆಸರಿನ ಸಾಲು ಖಾಲಿ ಉಳಿಯಬಾರದೆಂದು ನಮ್ಮದನ್ನು ಕೊಡುತ್ತಿದ್ದೇವೆ. ಶನಿವಾರ ನಮಗೆ ರಜೆ. ಉಳಿದ ದಿನಗಳಿಗೆ ಅರ್ಧ ದಿನದ ಸಾಂದರ್ಭಿಕ ರಜೆ ಎಂಬ ಸೌಕರ್ಯವನ್ನು ಸರಕಾರ ಗುಮಾಸ್ತರಿಗೆ ಕೊಟ್ಟೇ ಇದೆ.